ತಟ್ಟೆಯ ಕೊನೆಯಲ್ಲಿ ತನ್ನ ಹೆಸರು ಹೇಳಿದಾಕೆ: ಗೌಹರ್ ಜಾನ್

ದಾವಣಗೆರೆಯ ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಾಗಲಿ, ಹರಿಹರದ ಮದುವೆ ಮಂಟಪಗಳ ಆರತಕ್ಷತೆಯಲ್ಲಾಗಲಿ ಡಿಜೆ ಸಂಗೀತವನ್ನು ಕೇಳಿದವರು ಒಂದು ಸಂಗತಿಯನ್ನು ಗಮನಿಸಿರುತ್ತಾರೆ. ಹಾಡು ಆರಂಭವಾಗಿ ಒಂದೆರಡು ಸಾಲು ಕಳೆಯುವಷ್ಟರಲ್ಲಿ ತಾಳದ ನಡುವಿನಿಂದ ಮುದ್ರಿತ ಧ್ವನಿಯೊಂದು ಎದ್ದು ಬಂದು ಡಿಜೆಯ ಹೆಸರನ್ನೂ ಊರನ್ನೂ ಕೂಗಿ ಹೇಳುತ್ತದೆ. ಹಾಡಿದವರು ಬೇರೆ, ರಾಗ ಹಾಕಿದವರು ಬೇರೆ. ಆದರೆ ಆ ರಾತ್ರಿ ಅದನ್ನು ನುಡಿಸುತ್ತಿರುವಾತ ಯಾರೆಂಬುದು ಕೇಳುಗರಿಗೆ ತಿಳಿಯಬೇಕು, ತಿಳಿದವರು ಮುಂದಿನ ಕಾರ್ಯಕ್ರಮಕ್ಕೆ ಕರೆಯಬೇಕು ಎಂಬುದು ಅದರ ಉದ್ದೇಶ. ಒಂದೇ ಬಗೆಯ ಧ್ವನಿಪೆಟ್ಟಿಗೆ, ಒಂದೇ ಬಗೆಯ ಬಣ್ಣದ ದೀಪ, ಒಂದೇ ಹಾಡುಗಳ ಪಟ್ಟಿ ಹಿಡಿದು ಹತ್ತಾರು ಮಂದಿ ಪೈಪೋಟಿ ನಡೆಸುವ ವೃತ್ತಿಯಲ್ಲಿ ಎದ್ದು ಕಾಣುವುದು ಸುಲಭದ ಮಾತಲ್ಲ.

ಮುದ್ರಿತ ಸಂಗೀತದೊಳಗೆ ತನ್ನ ಹೆಸರನ್ನು ತಾನೇ ಸೇರಿಸುವ ಈ ಪದ್ಧತಿ ಇಂದಿನದೇನಲ್ಲ. ಅದಕ್ಕೆ ನೂರಿಪ್ಪತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಭಾರತದಲ್ಲಿ ಧ್ವನಿಮುದ್ರಣವೆಂಬುದು ಕಣ್ಣು ಬಿಟ್ಟ ಮೊದಲ ದಿನಗಳಲ್ಲೇ ತಟ್ಟೆಯ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ, ಆ ಹೆಸರನ್ನು ದೇಶದ ಮೂಲೆಮೂಲೆಗೂ ಮುಟ್ಟಿಸಿದ ಗಾಯಕಿಯೊಬ್ಬರಿದ್ದರು. ಅವರೇ ಗೌಹರ್ ಜಾನ್. ಕಲ್ಕತ್ತೆಯ ವೈಭವದಲ್ಲಿ ಮೆರೆದ ಆ ಜೀವ ಕೊನೆಯುಸಿರೆಳೆದದ್ದು ನಮ್ಮ ಮೈಸೂರಿನಲ್ಲಿ ಎಂಬುದು ಕನ್ನಡಿಗರಲ್ಲೇ ಅನೇಕರಿಗೆ ತಿಳಿದಿಲ್ಲ.

ಇಲ್ಲೊಂದು ಸ್ಪಷ್ಟನೆ ಅಗತ್ಯ. ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರೊಡನೆ ಅಭಿನಯಿಸಿ ಹೆಸರಾದ, ಬೀಳಗಿಯ ಗೋಹರಬಾಯಿ ಕರ್ನಾಟಕಿ ಬೇರೆ. ಅವರು ಚಲನಚಿತ್ರಗಳ ಹಿನ್ನೆಲೆ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಸಹೋದರಿ. ಹೆಸರಿನ ಸಾಮ್ಯದಿಂದ ಈ ಇಬ್ಬರನ್ನೂ ಒಬ್ಬರೆಂದೇ ಭಾವಿಸುವವರುಂಟು. ಈ ಲೇಖನದ ನಾಯಿಕೆ ಅವರಿಗಿಂತ ಒಂದು ತಲೆಮಾರು ಹಿಂದಿನವರು.

ಅಜಂಗಢದ ಏಂಜಲೀನಾ

1873ರ ಜೂನ್ 26ರಂದು ಇಂದಿನ ಉತ್ತರ ಪ್ರದೇಶದ ಅಜಂಗಢದಲ್ಲಿ ಹೆಣ್ಣು ಮಗುವೊಂದು ಜನಿಸಿತು. ತಂದೆ ಅರ್ಮೇನಿಯನ್ ಮೂಲದ ಎಂಜಿನಿಯರ್ ರಾಬರ್ಟ್ ವಿಲಿಯಂ ಯೋವರ್ಡ್. ತಾಯಿ ವಿಕ್ಟೋರಿಯಾ ಹೆಮ್ಮಿಂಗ್ಸ್, ಆಂಗ್ಲ ತಂದೆಗೂ ಭಾರತೀಯ ತಾಯಿಗೂ ಹುಟ್ಟಿದಾಕೆ. ಸಂಗೀತ, ನೃತ್ಯ, ಕವಿತೆಗಳಲ್ಲಿ ಆಕೆಗೆ ಅಪಾರ ಆಸಕ್ತಿ. ಮಗಳಿಗೆ ಐಲೀನ್ ಏಂಜಲೀನಾ ಯೋವರ್ಡ್ ಎಂದು ನಾಮಕರಣವಾಯಿತು.

ಈ ದಾಂಪತ್ಯ ಬಹುಕಾಲ ಬಾಳಲಿಲ್ಲ. 1879ರಲ್ಲಿ ತಂದೆ ತಾಯಿ ಬೇರ್ಪಟ್ಟರು. ಆರು ವರ್ಷದ ಮಗಳನ್ನು ಕಟ್ಟಿಕೊಂಡು ಬದುಕಿನ ದಾರಿ ಹುಡುಕಬೇಕಾದ ವಿಕ್ಟೋರಿಯಾ, 1881ರಲ್ಲಿ ಖುರ್ಷಿದ್ ಎಂಬ ಮುಸ್ಲಿಂ ಗೃಹಸ್ಥರ ಆಸರೆಯಲ್ಲಿ ಕಾಶಿಗೆ ಬಂದರು. ಅಲ್ಲಿ ತಾಯಿ ಮಗಳಿಬ್ಬರೂ ಇಸ್ಲಾಂ ಧರ್ಮವನ್ನು ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. ಗೌಹರ್ ಎಂದರೆ ರತ್ನ ಎಂದರ್ಥ.

ಆ ಕಾಲದಲ್ಲಿ ಮಲ್ಕಾ ಎಂಬ ಹೆಸರಿನ ಗಾಯಕಿಯರು ಇನ್ನೂ ಹಲವರಿದ್ದರು. ಅವರ ನಡುವೆ ಹಿರಿಯಳಾದ್ದರಿಂದ ಈಕೆಗೆ ಬಡಿ ಮಲ್ಕಾ ಜಾನ್ ಎಂಬ ಹೆಸರು ನಿಂತಿತು. ಒಂದೇ ಹೆಸರಿನ ಹಲವರ ನಡುವೆ ತನ್ನನ್ನು ಗುರುತಿಸುವಂತೆ ಮಾಡಿಕೊಳ್ಳುವುದು ಈ ವೃತ್ತಿಯ ಮೊದಲ ಅಗತ್ಯವೆಂಬುದನ್ನು ಮಗಳು ತಾಯಿಯ ಮನೆಯಲ್ಲೇ ಕಂಡಳು.

ಕಾಶಿಯಿಂದ ಕಲ್ಕತ್ತೆಗೆ

1883ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ತೆರಳಿದರು. ಬ್ರಿಟಿಷರು 1856ರಲ್ಲಿ ಔಧ್ ರಾಜ್ಯವನ್ನು ಕಸಿದುಕೊಂಡ ಮೇಲೆ ಪದಚ್ಯುತ ನವಾಬ ವಾಜಿದ್ ಅಲಿ ಷಾ ಕಲ್ಕತ್ತೆಯ ಅಂಚಿನ ಮಟಿಯಾಬುರ್ಜಿನಲ್ಲಿ ನೆಲೆಸಿದ್ದರು. ಲಖನೌದ ಸಂಗೀತ, ನೃತ್ಯ, ಕಾವ್ಯಗಳೆಲ್ಲ ಅವರ ಹಿಂದೆಯೇ ಅಲ್ಲಿಗೆ ಬಂದಿದ್ದವು. ಮಲ್ಕಾ ಜಾನ್ ಆ ಆಸ್ಥಾನದಲ್ಲಿ ಸ್ಥಾನ ಪಡೆದರು. ಕೆಲವೇ ವರ್ಷಗಳಲ್ಲಿ ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆ ಮಾಡಿದರು. 1886ರಲ್ಲಿ ಅವರ ಉರ್ದು ಕವಿತೆಗಳ ಸಂಗ್ರಹವೂ ಹೊರಬಂದಿತು.

ಗೌಹರ್‌ಳ ಶಿಕ್ಷಣ ನಡೆದದ್ದು ಈ ವಾತಾವರಣದಲ್ಲಿ. ಪಟಿಯಾಲದ ಕಾಲೇಖಾನ್, ರಾಂಪುರದ ವಜೀರ್ ಖಾನ್, ಪಟಿಯಾಲ ಘರಾಣೆಯ ಸ್ಥಾಪಕರಲ್ಲೊಬ್ಬರಾದ ಅಲಿ ಬಕ್ಷ್ ಮೊದಲಾದವರಿಂದ ಹಿಂದೂಸ್ತಾನಿ ಗಾಯನದ ಪಾಠವಾಯಿತು. ಕಥಕ್ ನೃತ್ಯವನ್ನು ಕಲಿಸಿದವರು ಲಖನೌದ ಮಹಾನ್ ಗುರು ಬಿಂದಾದೀನ್ ಮಹಾರಾಜರು. ಸೃಜನ್‌ಬಾಯಿಯವರಿಂದ ಧ್ರುಪದ ಧಮಾರ್, ಚರಣದಾಸರಿಂದ ಬಂಗಾಳಿ ಕೀರ್ತನ. ಇದಲ್ಲದೆ ಉರ್ದು, ಪಾರಸಿ, ಬಂಗಾಳಿ, ಇಂಗ್ಲಿಷ್ ಭಾಷೆಗಳ ಅಭ್ಯಾಸ. ಹಮ್‌ದಮ್ ಎಂಬ ಕಾವ್ಯನಾಮದಲ್ಲಿ ಆಕೆ ಗಜಲುಗಳನ್ನೂ ಬರೆದರು.

1887ರಲ್ಲಿ ದರ್ಭಂಗಾ ಸಂಸ್ಥಾನದಲ್ಲಿ ಗೌಹರ್ ಜಾನ್ ಅವರ ಮೊದಲ ಸಾರ್ವಜನಿಕ ಕಚೇರಿ ನಡೆಯಿತು. ವಯಸ್ಸು ಹದಿನಾಲ್ಕು. ಅಲ್ಲಿಯೇ ಆಸ್ಥಾನ ಗಾಯಕಿಯೆಂಬ ಮನ್ನಣೆಯೂ ದೊರೆಯಿತು. ಮುಂದಿನ ಹದಿನೈದು ವರ್ಷಗಳಲ್ಲಿ ಕಲ್ಕತ್ತೆಯ ಶ್ರೀಮಂತರ ಮನೆಗಳಲ್ಲಿ, ಉತ್ತರದ ಸಂಸ್ಥಾನಗಳಲ್ಲಿ ಅವರ ಹೆಸರು ಬೆಳೆಯಿತು. ಆದರೂ ಅದು ಕಚೇರಿಗೆ ಬಂದು ಕುಳಿತವರ ನಡುವಿನ ಕೀರ್ತಿ. ದರ್ಬಾರಿನ ಬಾಗಿಲು ದಾಟಿ ಅದು ಬೀದಿಗೆ ಬರಬೇಕಾದರೆ ಒಂದು ಯಂತ್ರ ಬರಬೇಕಾಗಿತ್ತು.

ಹೋಟೆಲಿನ ಕೋಣೆಯಲ್ಲಿ ಕಹಳೆ

ಆ ಯಂತ್ರ 1902ರಲ್ಲಿ ಬಂದಿತು. ಲಂಡನ್ನಿನ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿ ತನ್ನ ಅಮೆರಿಕನ್ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ ಅವರನ್ನು ಪೂರ್ವ ದೇಶಗಳ ಸಂಗೀತವನ್ನು ಮುದ್ರಿಸಿ ತರಲು ಕಳುಹಿಸಿತು. ಅವರು ಕಲ್ಕತ್ತೆಗೆ ಬಂದು ಹೋಟೆಲೊಂದರ ಕೋಣೆಗಳಲ್ಲಿ ಮುದ್ರಣಶಾಲೆಯನ್ನು ಹೂಡಿದರು. ನವೆಂಬರ್ ಮೊದಲ ಭಾಗದಲ್ಲಿ ರಂಗಭೂಮಿಯ ಇಬ್ಬರು ಯುವತಿಯರ ಹಾಡುಗಳ ಮುದ್ರಣವಾಯಿತು. ಅದಾದ ಕೆಲವೇ ದಿನಗಳಲ್ಲಿ, ನವೆಂಬರ್ 11ರಂದು, ಗೌಹರ್ ಜಾನ್ ಕಹಳೆಯ ಮುಂದೆ ನಿಂತರು. ಹೀಗಾಗಿ ಕಾಲದ ಲೆಕ್ಕದಲ್ಲಿ ಅವರು ಅತಿ ಮೊದಲಿಗರಲ್ಲ. ಆದರೆ ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಮೊದಲ ಪ್ರಸಿದ್ಧ ಕಲಾವಿದರೆಂಬ ಕೀರ್ತಿ ಅವರದೇ. ಮೊದಲು ಮುದ್ರಿಸಿದವುಗಳಲ್ಲಿ ಜೋಗಿಯಾ ರಾಗದ ಖಯಾಲ್ ಒಂದು.

ಅಂದಿನ ಮುದ್ರಣದ ಕಷ್ಟ ಇಂದಿನವರ ಊಹೆಗೆ ನಿಲುಕದು. ಮೈಕ್ರೋಫೋನ್ ಇರಲಿಲ್ಲ. ವಿದ್ಯುತ್ ಮುದ್ರಣ ಬಂದದ್ದು 1925ರಲ್ಲಿ. ಗೋಡೆಗೆ ಚಾಚಿದ ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು, ಅಲುಗಾಡದೆ, ಗಟ್ಟಿ ದನಿಯಲ್ಲಿ ಹಾಡಬೇಕು. ದನಿಯ ಅಲೆಗಳು ಕಹಳೆಯ ಹಿಂದಿನ ಮುಳ್ಳನ್ನು ಅಲುಗಿಸಿ, ತಿರುಗುತ್ತಿರುವ ಮೇಣದ ತಟ್ಟೆಯ ಮೇಲೆ ಗೀರು ಮೂಡಿಸಬೇಕು. ತಪ್ಪಿದರೆ ತಿದ್ದುವ ದಾರಿಯಿಲ್ಲ, ಹೊಸ ತಟ್ಟೆ ಹಾಕಿ ಮೊದಲಿನಿಂದ ಹಾಡಬೇಕು. ತಲೆದೂಗುತ್ತ, ಕೈಬೀಸುತ್ತ, ರಸಿಕರ ಮುಖ ನೋಡುತ್ತ ಹಾಡಿ ರೂಢಿಯಾದವರಿಗೆ ಇದು ಹಿಂಸೆಯೇ ಸರಿ. ಅನೇಕ ಉಸ್ತಾದರು ಈ ಕಾರಣಕ್ಕೆ ಹಿಂಜರಿದರು. ಯಂತ್ರವು ದನಿಯನ್ನು ಕದಿಯುತ್ತದೆ, ಬೀದಿಬೀದಿಯಲ್ಲಿ ಹಾಡಿಸಿ ವಿದ್ಯೆಯನ್ನು ಅಗ್ಗ ಮಾಡುತ್ತದೆ ಎಂಬ ಅಂಜಿಕೆಯೂ ಅವರಲ್ಲಿತ್ತು.

ಗೌಹರ್ ಜಾನ್ ಅಂಜಲಿಲ್ಲ. ಮುದ್ರಣಕ್ಕೆ ಅವರು ಕೇಳಿ ಪಡೆದ ಸಂಭಾವನೆ 3,000 ರೂಪಾಯಿ ಎಂದು ಅವರ ಜೀವನವನ್ನು ಅಭ್ಯಸಿಸಿದವರು ದಾಖಲಿಸಿದ್ದಾರೆ. ಆ ದಿನಗಳಲ್ಲಿ ಅದು ಬಹು ದೊಡ್ಡ ಮೊತ್ತ.

ಹೆಸರು ಹೇಳಿದ್ದೇಕೆ?

ಮುದ್ರಿಸಿದ ಮೇಣದ ಅಚ್ಚುಗಳು ಹಡಗೇರಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗುತ್ತಿದ್ದವು. ತಟ್ಟೆಗಳು ಒತ್ತಲ್ಪಡುತ್ತಿದ್ದದ್ದು ಅಲ್ಲಿ. ಕಲ್ಕತ್ತೆಯಲ್ಲೇ ತಟ್ಟೆ ತಯಾರಿಸುವ ಕಾರ್ಖಾನೆ ಕೆಲಸ ಆರಂಭಿಸಿದ್ದು 1908ರ ಹೊತ್ತಿಗೆ. ಹ್ಯಾನೋವರ್‌ನ ಕೆಲಸಗಾರರಿಗೆ ಹಿಂದಿಯೂ ತಿಳಿಯದು, ಉರ್ದುವೂ ತಿಳಿಯದು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂಬುದು ಅವರಿಗೆ ತಿಳಿಯಲೆಂದು ಹಾಡಿನ ಕೊನೆಯಲ್ಲಿ ಕಲಾವಿದರ ಹೆಸರನ್ನು ಹೇಳಿಸುವ ಏರ್ಪಾಡಾಯಿತು. ಅಂದರೆ ಅದು ಮೂಲತಃ ಕಾರ್ಖಾನೆಯ ಅನುಕೂಲಕ್ಕಾಗಿ ಹುಟ್ಟಿದ ಪದ್ಧತಿ. ಅಂದಿನ ಬೇರೆ ಕಲಾವಿದರೂ ಅದನ್ನು ಪಾಲಿಸಿದರು.

ಆದರೆ ಗೌಹರ್ ಜಾನ್ ಅದನ್ನು ಹೇಳಿದ ರೀತಿಯೇ ಬೇರೆ. ಠುಮ್ರಿಯ ಕೊನೆಯ ಸ್ವರ ಇನ್ನೂ ಕಿವಿಯಲ್ಲಿರುವಾಗಲೇ, ಉಲ್ಲಾಸ ತುಂಬಿದ ದನಿಯಲ್ಲಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಸವಾಲು ಹಾಕುವವರಂತೆ ಅವರು ತಮ್ಮ ಹೆಸರನ್ನು ಘೋಷಿಸುತ್ತಿದ್ದರು. ಓದು ಬರಹ ಬಾರದವರು ಚೀಟಿಯನ್ನು ಓದಲಾರರು, ಆದರೆ ಕೇಳಬಲ್ಲರು. ಸಂತೆ, ಜಾತ್ರೆ, ಅಂಗಡಿ ಮುಂಗಟ್ಟುಗಳಲ್ಲಿ ಗ್ರಾಮಫೋನ್ ಸುತ್ತ ನೆರೆದ ಜನ ಹಾಡಿನ ಭಾಷೆ ತಿಳಿಯದಿದ್ದರೂ ಆ ಹೆಸರನ್ನು ಮನೆಗೆ ಕೊಂಡೊಯ್ದರು. ಕಾರ್ಖಾನೆಯ ಚೀಟಿಗಾಗಿ ಹುಟ್ಟಿದ ಮಾತು ಹೀಗೆ ದೇಶವ್ಯಾಪಿ ಜಾಹೀರಾತಾಯಿತು.

ಆ ಹೆಸರು ಹೇಳುವುದಕ್ಕೆ ಧೈರ್ಯವೂ ಬೇಕಿತ್ತು. ತವಾಯಫರು, ದೇವದಾಸಿಯರು ಹಾಡಿ ಕುಣಿಯುವುದರ ವಿರುದ್ಧ ಸುಧಾರಕರ ಚಳವಳಿ ಬಲವಾಗುತ್ತಿದ್ದ ಕಾಲವದು. ಮೈಸೂರು ಸರ್ಕಾರವೇ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಇಂಥ ಹೆಣ್ಣುಮಕ್ಕಳ ಸಂಗೀತವನ್ನು ಸವಿದವರೂ ಅವರ ಹೆಸರನ್ನು ಬಾಯಲ್ಲಿ ಹೇಳಲು ಸಂಕೋಚಪಡುತ್ತಿದ್ದಾಗ, ತಟ್ಟೆಯ ಮೇಲೆ ತನ್ನ ಹೆಸರನ್ನು ತಾನೇ ಹೇಳಿಕೊಂಡದ್ದು ಸಣ್ಣ ಸಂಗತಿಯಲ್ಲ.

ಮೂರು ನಿಮಿಷದ ಶಿಸ್ತು

ಹೆಸರು ಹೇಳಿದ ಮಾತ್ರಕ್ಕೆ ಯಾರೂ ತಟ್ಟೆ ಕೊಳ್ಳುವುದಿಲ್ಲ. ಗೌಹರ್ ಜಾನ್ ಅವರ ನಿಜವಾದ ಸಾಧನೆ ಇರುವುದು ಹಾಡನ್ನು ತಟ್ಟೆಗೆ ಒಗ್ಗಿಸಿದ ಬಗೆಯಲ್ಲಿ.

ಕಚೇರಿಯಲ್ಲಿ ಒಂದು ರಾಗದ ವಿಸ್ತಾರ ಗಂಟೆಗಟ್ಟಲೆ ನಡೆಯಬಹುದು. ತಟ್ಟೆಯ ಒಂದು ಮುಖಕ್ಕೆ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಅಷ್ಟರಲ್ಲಿ ರಾಗದ ರೂಪ ಮೂಡಬೇಕು, ಸಾಹಿತ್ಯ ಮುಗಿಯಬೇಕು, ಒಂದೆರಡು ತಾನಗಳ ಮಿಂಚೂ ಇರಬೇಕು, ಕೊನೆಗೆ ಹೆಸರಿಗೂ ಜಾಗ ಉಳಿಯಬೇಕು. ಆಲಾಪವನ್ನು ಕೆಲವೇ ಕ್ಷಣಗಳಿಗೆ ಇಳಿಸಿ, ಲಯವನ್ನು ಚುರುಕುಗೊಳಿಸಿ, ಕೇಳುಗನ ಗಮನವನ್ನು ಮೊದಲ ಸಾಲಿನಲ್ಲೇ ಸೆಳೆಯುವ ಕ್ರಮವನ್ನು ಅವರು ರೂಢಿಸಿಕೊಂಡರು. ಹಿಂದೂಸ್ತಾನಿ ಸಂಗೀತದ ತಟ್ಟೆಗಳಿಗೆ ಮುಂದೆ ದಶಕಗಳ ಕಾಲ ಇದೇ ಮಾದರಿಯಾಯಿತು. ಚಲನಚಿತ್ರ ಗೀತೆಯ ಉದ್ದವನ್ನು ರೂಢಿಗೆ ತಂದದ್ದೂ ಇದೇ ತಟ್ಟೆಯ ಅಳತೆ.

ಎರಡನೆಯದು ಹಾಡುಗಳ ಆಯ್ಕೆ. ಒಂದೇ ಬಗೆಯ ಸಂಗೀತಕ್ಕೆ ಅವರು ಅಂಟಿಕೊಳ್ಳಲಿಲ್ಲ. ಖಯಾಲ್, ಠುಮ್ರಿ, ದಾದ್ರಾ, ಕಜ್ರಿ, ಚೈತಿ, ಹೋರಿ, ಭಜನ್, ಗಜಲ್, ಬಂಗಾಳಿ ಗೀತೆ ಎಲ್ಲವೂ ಅವರ ಪಟ್ಟಿಯಲ್ಲಿದ್ದವು. 1902ರಿಂದ 1920ರವರೆಗಿನ ಅವಧಿಯಲ್ಲಿ ಸುಮಾರು 600 ತಟ್ಟೆಗಳಿಗೆ, ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರು ಹಾಡಿದರೆಂದು ಲೆಕ್ಕ. ಗ್ರಾಮಫೋನ್ ಕಂಪನಿಗೆ ಎಲ್ಲ ಪ್ರಾಂತ್ಯಗಳಲ್ಲೂ ಗಿರಾಕಿಗಳು ಬೇಕಿದ್ದರು. ಗೌಹರ್ ಜಾನ್ ಅವರಿಗೂ ಎಲ್ಲ ಪ್ರಾಂತ್ಯಗಳ ಕೇಳುಗರು ಬೇಕಿದ್ದರು. ಇಬ್ಬರ ಹಿತವೂ ಇಲ್ಲಿ ಒಂದಾಯಿತು.

ಈ ಶ್ರಮದ ಫಲ ದಕ್ಷಿಣದಲ್ಲೂ ಕಾಣಿಸಿತು. 1910ರಲ್ಲಿ ಅವರು ಮದರಾಸಿಗೆ ಬಂದು ವಿಕ್ಟೋರಿಯಾ ಪಬ್ಲಿಕ್ ಹಾಲ್‌ನಲ್ಲಿ ಕಚೇರಿ ನಡೆಸಿದರು. ಅದಾದ ಮೇಲೆ ಅವರ ಹಿಂದೂಸ್ತಾನಿ, ಉರ್ದು ಹಾಡುಗಳು ತಮಿಳಿನ ಸಂಗೀತ ಪುಸ್ತಕವೊಂದರಲ್ಲಿ ಅಚ್ಚಾದವು.

ರೂಪ, ಬೆಲೆ, ಪ್ರಚಾರ

ಕಣ್ಣಿಗೆ ಕಾಣುವುದರ ಮಹತ್ವವೂ ಅವರಿಗೆ ಚೆನ್ನಾಗಿ ತಿಳಿದಿತ್ತು. ಪ್ರತಿ ಬಾರಿಯೂ ಮುದ್ರಣಕ್ಕೆ ಹೊಸ ಉಡುಪು, ಹೊಸ ಆಭರಣ ತೊಟ್ಟು ಪರಿವಾರದೊಡನೆ ಬರುತ್ತಿದ್ದರೆಂದೂ, ಒಮ್ಮೆ ತೊಟ್ಟ ಒಡವೆಯನ್ನು ಮತ್ತೆ ತೊಟ್ಟದ್ದನ್ನು ಕಾಣಲಿಲ್ಲವೆಂದೂ ಗೈಸ್‌ಬರ್ಗ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಹಳೆಗೆ ಒಡವೆ ಕಾಣದು, ಆದರೆ ಆ ಸುದ್ದಿ ಊರಿಗೆಲ್ಲ ಹಬ್ಬುತ್ತಿತ್ತು. ಕಂಪನಿಯ ಪಟ್ಟಿಗಳಲ್ಲಿ ಅವರ ಭಾವಚಿತ್ರಗಳು ಅಚ್ಚಾದವು. ಚಿತ್ರದ ಅಂಚೆ ಕಾರ್ಡುಗಳು ಮಾರಾಟವಾದವು. ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣಗಳ ಮೇಲೂ ಅವರ ಚಿತ್ರ ಕಾಣಿಸಿಕೊಂಡಿತು. ಅವರ ಹಾಡನ್ನು ಎಂದೂ ಕೇಳದವನ ಜೇಬಿನಲ್ಲೂ ಆ ಮುಖವಿತ್ತು.

ಸಂಭಾವನೆಯ ವಿಷಯದಲ್ಲಿ ಅವರು ಮೆತ್ತಗಾದವರಲ್ಲ. ಕರೆದಲ್ಲಿಗೆಲ್ಲ ಹೋಗುವವರೂ ಅಲ್ಲ. ಸಣ್ಣ ಸಂಸ್ಥಾನವೊಂದರ ಕರೆಯನ್ನು ಮೊದಲು ನಿರಾಕರಿಸಿ, ಆಮೇಲೆ ವಿಶೇಷ ರೈಲಿನಲ್ಲಿ ಪರಿವಾರ ಸಮೇತ ಹೋದರೆಂಬ ಕಥೆಯಿದೆ. ಕಲ್ಕತ್ತೆಯಲ್ಲಿ ಸಾಮಾನ್ಯರಿಗೆ ಅನುಮತಿ ಇಲ್ಲದಷ್ಟು ಕುದುರೆಗಳನ್ನು ಹೂಡಿದ ಸಾರೋಟಿನಲ್ಲಿ ಸಂಚರಿಸಿ, ಅದಕ್ಕೆ ವಿಧಿಸಿದ ದಂಡವನ್ನು ನಗುತ್ತ ಕಟ್ಟುತ್ತಿದ್ದರೆಂದು ಹೇಳುವವರಿದ್ದಾರೆ. ಸಾಕಿದ ಬೆಕ್ಕು ಮರಿ ಹಾಕಿದ ಸಂಭ್ರಮಕ್ಕೆ 20,000 ರೂಪಾಯಿ ವೆಚ್ಚದ ಔತಣ ನಡೆಸಿದರೆಂಬುದು ಇನ್ನೊಂದು ಕಥೆ. ಇವುಗಳಲ್ಲಿ ನಿಜವೆಷ್ಟು, ಉತ್ಪ್ರೇಕ್ಷೆಯೆಷ್ಟು ಎಂದು ಅಳೆಯುವುದು ಈಗ ಕಷ್ಟ. ಆದರೆ ಇಂಥ ಕಥೆಗಳು ಹುಟ್ಟಿದ್ದೂ, ನೂರು ವರ್ಷ ಬಾಳಿದ್ದೂ ಆ ಹೆಸರಿನ ಸುತ್ತಲಿದ್ದ ಪ್ರಭೆಗೆ ಸಾಕ್ಷಿ.

ಸ್ವಾತಂತ್ರ್ಯ ಹೋರಾಟದ ನಿಧಿಗಾಗಿ ಗಾಂಧೀಜಿ ಅವರ ನೆರವು ಕೋರಿದ ಪ್ರಸಂಗವೂ ಪ್ರಚಲಿತವಾಗಿದೆ. ಗಾಂಧೀಜಿ ಸ್ವತಃ ಕಚೇರಿಗೆ ಬರಬೇಕೆಂಬ ಷರತ್ತಿನ ಮೇಲೆ ಗೌಹರ್ ಜಾನ್ ಹಾಡಿದರಂತೆ. ಕಾರಣಾಂತರದಿಂದ ಅವರು ಬರಲಾಗದೆ ಪ್ರತಿನಿಧಿಯನ್ನು ಕಳುಹಿಸಿದಾಗ, ಸಂಗ್ರಹವಾದ 24,000 ರೂಪಾಯಿಯಲ್ಲಿ ಅರ್ಧವನ್ನಷ್ಟೇ ಕೊಟ್ಟು, ಮಾತು ಅರ್ಧ ನಡೆದದ್ದಕ್ಕೆ ಹಣವೂ ಅರ್ಧ ಎಂಬ ಅರ್ಥದ ಉತ್ತರ ಕೊಟ್ಟರಂತೆ.

1911ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ ದರ್ಬಾರು ನಡೆದಾಗ ಹಾಡಲು ಆಯ್ಕೆಯಾದವರಲ್ಲಿ ಗೌಹರ್ ಜಾನ್ ಒಬ್ಬರು. ಅಲಹಾಬಾದಿನ ಜಾನಕಿಬಾಯಿಯವರೊಡನೆ ಅವರು ಅಲ್ಲಿ ಜೋಡಿಗಾಯನ ನಡೆಸಿದರು. ಜಾನಕಿಬಾಯಿಯೂ ತಟ್ಟೆಗಳಿಂದ ಹೆಸರಾದವರು, ವೃತ್ತಿಯಲ್ಲಿ ಪ್ರತಿಸ್ಪರ್ಧಿ. ಪ್ರತಿಸ್ಪರ್ಧಿಯ ಪಕ್ಕದಲ್ಲಿ ಕುಳಿತು ಹಾಡಿದ್ದರಿಂದ ಇಬ್ಬರ ಕೀರ್ತಿಯೂ ಹೆಚ್ಚಿತೇ ಹೊರತು ಯಾರದೂ ಕುಂದಲಿಲ್ಲ.

ನ್ಯಾಯಾಲಯದಲ್ಲಿ ನಿಂತ ಹೆಸರು

ಹೊರಗಿನ ಈ ಬೆಳಕಿನ ಹಿಂದೆ ಮನೆಯೊಳಗೆ ಕತ್ತಲೆ ಕವಿಯುತ್ತಿತ್ತು. 1906ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡರು. ಮನೆ, ಹಣ, ವ್ಯವಹಾರಗಳನ್ನೆಲ್ಲ ಅಷ್ಟು ಕಾಲ ನೋಡಿಕೊಂಡಿದ್ದವರು ಆಕೆಯೇ. ಮುಂಬಯಿಯ ರಂಗಭೂಮಿಯ ಪ್ರತಿಭಾವಂತ ನಟ ಅಮೃತ ಕೇಶವ ನಾಯಕ್ ಅವರ ಸ್ನೇಹದಲ್ಲಿ ಗೌಹರ್ ಜಾನ್ ಕೊಂಚ ನೆಮ್ಮದಿ ಕಂಡರು. ಅವರೂ 1907ರಲ್ಲಿ ಅಕಾಲ ಮರಣಕ್ಕೆ ತುತ್ತಾದರು.

ಇದೇ ವೇಳೆಗೆ ಮನೆಯಲ್ಲಿ ಬೆಳೆದ ಸೇವಕಿಯ ಮಗನೊಬ್ಬ, ಮಲ್ಕಾ ಜಾನ್ ಅವರ ನಿಜವಾದ ಸಂತಾನ ತಾನೇ ಎಂದು ಆಸ್ತಿಗಾಗಿ ದಾವೆ ಹೂಡಿದ. ದೇಶಕ್ಕೆಲ್ಲ ತನ್ನ ಹೆಸರನ್ನು ಕೂಗಿ ಹೇಳಿದ ಗಾಯಕಿ ಈಗ ತಾನು ಯಾರ ಮಗಳೆಂಬುದನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕಾಯಿತು. ಎಂದೋ ಬಿಟ್ಟುಹೋಗಿದ್ದ ತಂದೆ ರಾಬರ್ಟ್ ಯೋವರ್ಡ್ ಅವರನ್ನು ಹುಡುಕಿ, ಸಾಕ್ಷಿ ನುಡಿಯುವಂತೆ ಬೇಡಬೇಕಾಯಿತು. ಕೊನೆಗೆ ದಾವೆಯಲ್ಲಿ ಗೆದ್ದದ್ದು ಗೌಹರ್ ಜಾನ್ ಅವರೇ. ಆದರೆ ಬಾಲ್ಯದಲ್ಲಿ ಕಳಚಿಹೋಗಿದ್ದ ಏಂಜಲೀನಾ ಎಂಬ ಹೆಸರೇ ಕಡೆಗೆ ಗೌಹರ್ ಜಾನ್ ಎಂಬ ಹೆಸರಿನ ನೆರವಿಗೆ ಬರಬೇಕಾದದ್ದು ವಿಧಿಯ ವಿಚಿತ್ರ.

ಮುಂದೆ ತಮ್ಮ ಕಾರ್ಯದರ್ಶಿಯಾಗಿದ್ದ, ತಮಗಿಂತ ಕಿರಿಯನಾದ ಅಬ್ಬಾಸ್ ಎಂಬಾತನನ್ನು ಅವರು ವಿವಾಹವಾದರು. ಅದೂ ಮುರಿದು ಮತ್ತೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ವಕೀಲರ ವೆಚ್ಚ, ನಂಬಿದವರ ಕೈಗೆ ಸೇರಿದ ಆಸ್ತಿ, ಹಿಡಿತವಿಲ್ಲದ ಖರ್ಚು ಇವೆಲ್ಲ ಸೇರಿ ಕಲ್ಕತ್ತೆಯ ಮನೆಗಳು ಒಂದೊಂದಾಗಿ ಕೈಬಿಟ್ಟವು. ಸಂಪಾದಿಸುವುದರಲ್ಲಿ ಅವರಿಗಿದ್ದ ಜಾಣ್ಮೆ ಉಳಿಸುವುದರಲ್ಲಿ ಇರಲಿಲ್ಲ. ತಟ್ಟೆಗಳ ಲಾಭ ವರ್ಷ ವರ್ಷವೂ ಕಲಾವಿದರಿಗೆ ಹರಿದುಬರುವ ಕಾಲವೂ ಅದಲ್ಲ. ಅಷ್ಟರಲ್ಲಿ ವಯಸ್ಸೂ ಐವತ್ತು ದಾಟಿತು. ಹೊಸ ಕಂಠಗಳು ಬಂದವು. ವಿದ್ಯುತ್ ಮುದ್ರಣ ಬಂದ ಮೇಲೆ ಕಹಳೆಯ ಕಾಲದ ಗಟ್ಟಿ ದನಿಗೆ ಬದಲಾಗಿ ಮೆಲುದನಿಗೂ ಬೆಲೆ ಬಂದಿತು.

ಮೈಸೂರಿನ ಕೊನೆಯ ದಿನಗಳು

ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ನಾಟಕ ಸಂಗೀತದಷ್ಟೇ ಗೌರವ ಹಿಂದೂಸ್ತಾನಿ ಸಂಗೀತಕ್ಕೂ ಇತ್ತು. ಅಬ್ದುಲ್ ಕರೀಂ ಖಾನ್, ಫಯಾಜ್ ಖಾನ್ ಮೊದಲಾದ ಉತ್ತರದ ದಿಗ್ಗಜರು ಅಲ್ಲಿ ಹಾಡಿ ಸನ್ಮಾನಿತರಾಗಿದ್ದರು. ಮುಂಬಯಿ, ಪುಣೆಗಳ ಕಡೆಯಿಂದ ಮೈಸೂರಿಗೆ ಹೋಗುವ ಕಲಾವಿದರ ದಾರಿಯೆಂದರೆ ಹುಬ್ಬಳ್ಳಿ, ಹರಿಹರ, ದಾವಣಗೆರೆ, ಬೆಂಗಳೂರುಗಳ ಮೂಲಕ ಸಾಗುವ ರೈಲು ಮಾರ್ಗ. ಅಂದು ಹರಿಹರದ ತುಂಗಭದ್ರೆಯೇ ಗಡಿ. ಹೊಳೆಯ ಆಚೆ ಮುಂಬಯಿ ಪ್ರಾಂತ್ಯ, ಈಚೆ ಮೈಸೂರು ಸಂಸ್ಥಾನ. ಈ ದಾರಿಯ ನಡುವೆ ತಂಗಿದ ಉಸ್ತಾದರಿಂದಲೇ ಹುಬ್ಬಳ್ಳಿ ಧಾರವಾಡಗಳಲ್ಲಿ ಹಿಂದೂಸ್ತಾನಿ ಸಂಗೀತ ಬೇರೂರಿತೆಂಬುದು ಸಂಗೀತ ಚರಿತ್ರೆಯಲ್ಲಿ ಪ್ರಸಿದ್ಧವಾದ ಮಾತು.

ಬದುಕಿನ ಸಂಜೆಯಲ್ಲಿದ್ದ ಗೌಹರ್ ಜಾನ್ ಅವರಿಗೂ ಮೈಸೂರು ಆಸರೆಯಾಯಿತು. 1928ರ ಆಗಸ್ಟ್ 1ರಿಂದ ಅವರು ಅರಮನೆಯ ಸಂಗೀತಗಾರರಾಗಿ ನೇಮಕಗೊಂಡರು. ತಿಂಗಳಿಗೆ 500 ರೂಪಾಯಿ ಸಂಬಳ. ವಾಸಕ್ಕೆ ದಿಲ್‌ಖುಷ್ ಎಂಬ ಹೆಸರಿನ ಮನೆ. ಎಂದೋ ಒಂದು ಮುದ್ರಣಕ್ಕೆ ಮೂರು ಸಾವಿರ ಎಣಿಸಿಕೊಂಡವರಿಗೆ ಇದು ಆರು ತಿಂಗಳ ಸಂಬಳಕ್ಕೆ ಸಮ. ಆದರೂ ಕಲಾವಿದೆಯೊಬ್ಬರಿಗೆ ಮುಪ್ಪಿನಲ್ಲಿ ಗೌರವದ ನೆಲೆ ಒದಗಿಸಿದ ಮೈಸೂರಿನ ಔದಾರ್ಯವನ್ನು ಮರೆಯುವಂತಿಲ್ಲ.

ಆದರೆ ಆರೋಗ್ಯ ಕೈಕೊಟ್ಟಿತ್ತು. ಹಳೆಯ ವ್ಯಾಜ್ಯಗಳ ನೋವು, ಒಂಟಿತನ ಅವರನ್ನು ಬಿಡಲಿಲ್ಲ. ಮೈಸೂರಿಗೆ ಬಂದು ಒಂದೂವರೆ ವರ್ಷ ತುಂಬುವ ಮುನ್ನವೇ, 1930ರ ಜನವರಿ 17ರಂದು, ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು 56. ಬಳಿ ರಕ್ತಸಂಬಂಧಿಗಳು ಯಾರೂ ಇರಲಿಲ್ಲ. ಭಾರತದ ಮೊದಲ ಮಾತಿನ ಚಿತ್ರ ತೆರೆಕಂಡದ್ದು ಅದರ ಮರುವರ್ಷ, 1931ರಲ್ಲಿ. ಮುದ್ರಿತ ಹಾಡು ದೇಶದ ದೊಡ್ಡ ಉದ್ಯಮವಾಗುವ ಹೊಸ್ತಿಲಲ್ಲಿ ಅದರ ಮೊದಲ ತಾರೆ ಕಣ್ಮರೆಯಾದರು.

ಇದೇ ಕಾಲದ ಮತ್ತೊಬ್ಬ ಗಾಯಕಿಯನ್ನು ಇಲ್ಲಿ ನೆನೆಯಬೇಕು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರೂ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದವರು, ದೇವದಾಸಿ ಕುಲದಿಂದ ಬಂದು ಅಪಾರ ಹೆಸರು, ಹಣ ಗಳಿಸಿದವರು. ಅವರು ತಮ್ಮ ಸಂಪಾದನೆಯನ್ನು ತಿರುವೈಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಲು ಮುಡಿಪಿಟ್ಟರು. 1952ರಲ್ಲಿ ನಿಧನರಾದ ಅವರ ಸಮಾಧಿಯೂ ಅದರ ಸಮೀಪದಲ್ಲೇ ಇದೆ. ಗೌಹರ್ ಜಾನ್ ಅವರ ಸಮಾಧಿ ಮೈಸೂರಿನಲ್ಲಿ ಎಲ್ಲಿದೆಯೆಂದು ತೋರಿಸಬಲ್ಲ ಗುರುತು ಯಾವುದೂ ಉಳಿದಿಲ್ಲ.

ಮತ್ತೆ ಕೇಳಿಸಿದ ದನಿ

ಹಲವು ದಶಕಗಳ ಕಾಲ ಅವರನ್ನು ನೆನೆದವರು ಹಳೆಯ ತಟ್ಟೆಗಳ ಸಂಗ್ರಾಹಕರು ಮಾತ್ರ. ಬೆಂಗಳೂರಿನವರಾದ ವಿಕ್ರಮ್ ಸಂಪತ್ ಅವರು ಮೈಸೂರು ಅರಮನೆಯ ಕಡತಗಳಲ್ಲಿ ಸಿಕ್ಕ ಕಾಗದಪತ್ರಗಳ ಎಳೆ ಹಿಡಿದು ಸಂಶೋಧಿಸಿ 2010ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಈ ಮರೆವನ್ನು ಸರಿಸಿತು. ತಟ್ಟೆಯ ಕೊನೆಯ ಆ ಘೋಷಣೆಯೇ ಆ ಪುಸ್ತಕದ ಶೀರ್ಷಿಕೆಯಾಯಿತು. 2018ರ ಜೂನ್ 26ರಂದು, ಅವರ 145ನೆಯ ಜನ್ಮದಿನದಂದು, ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರವನ್ನು ಪ್ರಕಟಿಸಿ ಗೌರವಿಸಿತು. ಅವರ ಹಾಡುಗಳನ್ನು ಇಂದು ಅಂತರಜಾಲದಲ್ಲಿ ಯಾರು ಬೇಕಾದರೂ ಕೇಳಬಹುದು. ಗರಗರ ಸದ್ದಿನ ನಡುವೆ ತೇಲಿಬರುವ ಆ ದನಿ, ಹಾಡು ಮುಗಿದೊಡನೆ ಇಂದಿಗೂ ಅದೇ ಉಲ್ಲಾಸದಿಂದ ತನ್ನ ಹೆಸರನ್ನು ಹೇಳುತ್ತದೆ.

ಸಂಗೀತವನ್ನೇ ಜೀವನೋಪಾಯ ಮಾಡಿಕೊಂಡ ದಾವಣಗೆರೆ, ಹರಿಹರಗಳ ಇಂದಿನ ಯುವಕರಿಗೆ ಈ ಬದುಕಿನಲ್ಲಿ ಗ್ರಹಿಸಬೇಕಾದದ್ದು ಬಹಳವಿದೆ. ಗೌಹರ್ ಜಾನ್ ಹೆಸರು ಕೂಗಿದ್ದು ಹಾಡು ಮುಗಿದ ಮೇಲೆ. ಆ ಹೆಸರಿನ ಹಿಂದೆ ಹಲವು ಗುರುಗಳ ಬಳಿಯ ಅಭ್ಯಾಸವಿತ್ತು, ಹತ್ತಾರು ಬಗೆಯ ಹಾಡುಗಳ ಪರಿಚಯವಿತ್ತು, ಇದ್ದ ಮೂರು ನಿಮಿಷವನ್ನು ಪೋಲು ಮಾಡದ ಎಚ್ಚರವಿತ್ತು. ರಾತ್ರಿ 10 ಗಂಟೆಯ ನಂತರ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ 2000ದಿಂದ ಜಾರಿಯಲ್ಲಿರುವಾಗ, ಸದ್ದನ್ನು ಏರಿಸುವುದರಿಂದಲೇ ಎದ್ದು ಕಾಣುತ್ತೇವೆಂದು ನಂಬಿದವರಿಗೆ ಪೊಲೀಸರ ನೋಟಿಸು ಸಿಗಬಹುದೇ ಹೊರತು ಮರುಕರೆ ಸಿಗುವುದು ಕಷ್ಟ. ಮದುವೆ ಮನೆಯಲ್ಲಿ ಅಜ್ಜಿಗೂ ಮೊಮ್ಮಗನಿಗೂ ಹಿಡಿಸುವಂತೆ ಹಾಡು ಆರಿಸಬಲ್ಲವನ ಹೆಸರನ್ನು ಮನೆಯವರೇ ನೆನಪಿಟ್ಟು ನಾಲ್ಕು ಜನಕ್ಕೆ ಹೇಳುತ್ತಾರೆ.

ಅಷ್ಟೇ ಮುಖ್ಯವಾದದ್ದು ಅವರ ಬದುಕಿನ ಉತ್ತರಾರ್ಧ. ಹಬ್ಬದ ಹಂಗಾಮಿನಲ್ಲಿ ಕೈತುಂಬ ಕೆಲಸ, ಮಿಕ್ಕ ದಿನಗಳಲ್ಲಿ ಬಿಡುವು, ನಡುವೆ ಸಾಲ ಮಾಡಿ ತಂದ ಯಂತ್ರಗಳ ಕಂತು. ಪ್ರದರ್ಶನವನ್ನು ನಂಬಿದ ವೃತ್ತಿಗಳ ಸ್ವರೂಪವೇ ಇಂಥದು. ಲೆಕ್ಕಪತ್ರವನ್ನು ತಾನೇ ನೋಡದೆ, ಕರಾರನ್ನು ಕಾಗದದ ಮೇಲೆ ಇಡದೆ, ಗಳಿಸಿದ್ದನ್ನೆಲ್ಲ ಮೆರೆಯುವುದಕ್ಕೇ ಸುರಿದರೆ ದೇಶವೇ ಬಲ್ಲ ಹೆಸರೂ ಮುಪ್ಪಿನಲ್ಲಿ ಕೈಹಿಡಿಯದು. ಗೌಹರ್ ಜಾನ್ ಅವರಿಗೆ ಕೊನೆಗಾಲದಲ್ಲಿ ಮೈಸೂರಿನ ಮಹಾರಾಜರಿದ್ದರು. ಇಂದಿನ ಕಲಾವಿದರಿಗೆ ಮಹಾರಾಜರಿಲ್ಲ.